ಪಾಯಸದ ಮ್ಯಾಲಿನ ಅಳ್ಳು

ನಮ್ಮ ಅತ್ತಿಯವರ ನಾಲಿಗಿ ಸತ್ತಿತ್ತು, ಹೊಟ್ಟಿ ಸತ್ತಿರಲಿಲ್ಲ. ಇದನ್ನ ನಾ ಮನ್ಯಾಗ ಹೇಳಿದೆ, ಡಾಕ್ಟರ ಮುಂದ ಹೇಳಿದೆ, ನಮ್ಮ ಜೈನ ಬಸ್ತಿಗೆ ಬರೋ ಹೆಣ್ಮಕ್ಕಳ ಮುಂದ ಹೇಳಿದೆ. ಯಾರೂ ಕಿವಿಮ್ಯಾಲ ಹಾಕ್ಕೊಳ್ಳಲಿಲ್ಲ. ರಾಜಮತಿದು ಬಾಯಿ ಜೋರು ಅಂತ ನಾ ಉಗಾರ ಬುದ್ರುಕಕ್ಕ ಲಗ್ನಾಗಿ ಬಂದ ವರ್ಷಾನ ಹೆಸರ ಬಿದ್ದೈತಿ. ಹಂಗ ಹೆಸರ ಬಿದ್ದವರು ಖರೇ ಹೇಳಿದ್ರೂ ಜಗಳ ತಗದಾಳ ಅಂತಾರ.

ಆಷಾಢದಾಗ ಅವರಿಗೆ ಜ್ವರ ಬಂದಿತ್ತು. ಹದಿನೆಂಟ ದಿನ ಕಾಡಿ ಹೋತು. ಹೋಗುವಾಗ ಬಾಯಿರುಚಿ, ಮೂಗಿನ ವಾಸನಿ ಎರಡೂ ಗಂಟ ಕಟ್ಟಿಕೊಂಡ ಹೋತು. ಏನ ಮಾಡಿ ಕೊಟ್ರೂ ಮಣ್ಣ ತಿಂದಂಗ ಆಗ್ತೈತಿ ಅನ್ನೋರು. ನಾಕ ತುತ್ತ ಉಂಡು ಕೈ ತೊಳಿಯೋರು. ಬ್ಯಾರೆ ಮುದುಕರಾಗಿದ್ರ ಎರಡ ತಾಸಿಗೊಮ್ಮೆ ಹಾಲೋ ಗಂಜಿಯೋ ಕುಡಿಸಬಹುದಿತ್ತು. ನಮ್ಮ ಅತ್ತಿ ಸುಂದರಾಬಾಯಿ ಒಪ್ಪತ್ತಿನ ನೇಮದಾಕಿ. ಮುಂಜಾನೆ ಹತ್ತೂವರಿಗೆ ಮಣಿಮ್ಯಾಲ ಕುಂಡರೂದು, ಮಾತಿಲ್ಲದ ಉಣ್ಣೂದು, ಎದ್ರ ಮುಗೀತು. ಮತ್ತ ಮರುದಿನ ಹತ್ತೂವರಿತನಕಾ ಬಾಯಿಗೆ ಏನೂ ಇಲ್ಲ.

ಅದರಾಗ ಬ್ಯಾರೆ ಬಿಟ್ಟದ್ದ ಪಟ್ಟಿ. ಸಕ್ಕರಿ ಸಾಯೋತನಕಾ ಬಿಟ್ಟಾರ. ಗೋಡಂಬಿ, ದ್ರಾಕ್ಷಿ ಬಿಟ್ಟಾರ. ಈ ಚಾತುರ್ಮಾಸಕ್ಕ ಅಂತ ಉಪ್ಪ ಬಿಟ್ಟಿದ್ರು, ದೀಪಾವಳಿತನಕಾ. ಜ್ವರ ಬರೂಕಿಂತ ಮೊದಲ ಬಿಟ್ಟದ್ದು. ಜ್ವರ ಬಂದ ಮ್ಯಾಲ ನಾ ಅಂದೆ, "ಅತ್ತಿ, ಈ ಸರ್ತಿ ಉಪ್ಪಿಂದು ಬಿಡ್ರಿ, ಮುಂದಿನ ವರ್ಷ ಮಾಡ್ರಿ." ಅವರು ನನ್ನ ಮಾರಿ ನೋಡಿ, "ನೇಮ ಅಂದ್ರ ನಿಮ್ಮ ಟಿವಿ ಚಾನಲ್ಲೇನ ಬೇ, ಬ್ಯಾಡಾದ್ರ ಬದಲಿ ಮಾಡಾಕ?" ಅಂದ್ರು. ದಿನಾ ಅವರಿಗೊಂದ ಸಣ್ಣ ಬೋಗಾಣಿಯಾಗ ಉಪ್ಪಿಲ್ಲದ ಪಲ್ಯಾ, ಉಪ್ಪಿಲ್ಲದ ಬ್ಯಾಳಿ ಬ್ಯಾರೆ ಮಾಡಾಕತ್ತಿದ್ದೆ.

ಉಣ್ಣೂ ಮುಂದ ತುತ್ತಿನ್ಯಾಗ ಕೂದಲ ಸಿಕ್ರ, ಸತ್ತ ಇರಿವಿ ಕಂಡ್ರ, ಇಲ್ಲಾ ತಾವು ಬಿಟ್ಟ ಪದಾರ್ಥ ತಪ್ಪಿ ಬಾಯಿಗೆ ಬಂದ್ರ ಅದಕ್ಕ ಅಂತರಾಯ ಅಂತಾರ. ಅಂತರಾಯ ಆತಂದ್ರ ಅಲ್ಲಿಗೇ ಊಟಾ ನಿಂತು. ಅರ್ಧ ಹೊಟ್ಟಿ ಇರಲಿ, ಖಾಲಿ ಹೊಟ್ಟಿ ಇರಲಿ, ಎದ್ದ ಬಿಡೂದು. ಅದಕ್ಕ ಅವರ ಅಡಗಿ ಮಾಡೂದಂದ್ರ ನನಗ ದಿನಾ ಪರೀಕ್ಷಾ ಕುಂತಂಗ.

ಅನಂತ ಚತುರ್ದಶಿಗಿಂತ ಹತ್ತ ದಿನ ಮೊದಲ ಅವರು ಬಾಜೂ ಊರಾಗ ಚಾತುರ್ಮಾಸ ಕುಂತ ಮುನಿ ಮಹಾರಾಜರ ದರ್ಶನಕ್ಕ ಹೋಗಿದ್ರು. ಇವರು, ಅಂದ್ರ ನನ್ನ ಗಂಡ ಪಾರಿಸ, ಗಾಡಿಯಾಗ ಕರಕೊಂಡ ಹೋಗಿದ್ರು. ಹೊಳ್ಳಿ ಬಂದ ಮ್ಯಾಲ ಇವರ ಮಾರಿ ಬಿಳಚಿತ್ತು. ಅತ್ತಿ ಅಲ್ಲಿ ಸಲ್ಲೇಖನ ಕೇಳಿದ್ರಂತ. ನಮ್ಮ ಮಂದಿಗೆ ಇದನ್ನ ಬಿಡಿಸಿ ಹೇಳೂ ಕಾರಣಿಲ್ಲ. ಬ್ಯಾರೆಯವರಿಗೆ ಹೇಳ್ತೀನಿ. ದೇಹ ಇನ್ನ ಸಾಕು ಅಂದಾಗ ಗುರುಗಳ ಮುಂದ ನೇಮ ತಗೊಂಡು, ಮೊದಲ ಅನ್ನ, ಆಮ್ಯಾಲ ಹಾಲು, ಆಮ್ಯಾಲ ನೀರು ಹಿಂಗ ಒಂದೊಂದ ಬಿಟ್ಟು, ಶಾಂತಿಲೆ ಹೋಗೂದು.

ಮಹಾರಾಜರು ಒಮ್ಮೆಲೇ ಹೂಂ ಅಂದಿರಲಿಲ್ಲ. "ತಾಯೀ, ಅನ್ನ ಇನ್ನ ಒಳಗ ಹೋಗಾಕತ್ತೈತಿ ಅಂದ್ರ ದೇಹ ಇನ್ನ ಸಾಧನಕ್ಕ ಬರ್ತೈತಿ. ನೀ ಅನ್ನ ಬಿಡಬ್ಯಾಡ. ಅನ್ನಾನ ನಿನ್ನ ಬಿಟ್ಟರ ಆವಾಗ ಬಾ. ಹದಿನೈದ ದಿನ ನೋಡು" ಅಂದಿದ್ರಂತ.

ನಾನೂ ಜೈನರ ಮಗಳರಿ. ನಮ್ಮ ಮಂಗಸೂಳಿ ಊರಿನ ಮುತ್ಯಾ, ನಮ್ಮಜ್ಜ, ಸಲ್ಲೇಖನ ತಗೊಂಡ ಹೋದಾಂವ. ಆವಾಗ ನಾ ಹನ್ನೊಂದ ವರ್ಷದಾಕಿ. ಮನಿ ತುಂಬ ಮಂದಿ, ಹಗಲೆಲ್ಲಾ ಣಮೋಕಾರ ಮಂತ್ರ, ಯಾರ ಕಣ್ಣಾಗೂ ನೀರಿದ್ದಿಲ್ಲ. ಆದರ ಮುತ್ಯಾಗ ತೊಂಬತ್ತೆರಡು, ಗಂಟಲಾಗ ಗಡ್ಡಿ, ನೀರ ಸೈತ ಇಳೀತಿದ್ದಿಲ್ಲ. ಇವರಿಗೆ ಆಗಿದ್ದ ಬರೇ ಬಾಯಿರುಚಿ ಹೋಗಿದ್ದು. ಎಪ್ಪತ್ತಾರ ವರ್ಷಕ್ಕ ತಾವ ಬಾವಿ ಕಟ್ಟಿತನಕಾ ನಡದ ಹೋಗೋ ಮುದುಕಿ. ರುಚಿ ಇಲ್ಲಂತ ಜೀವ ಬಿಡ್ತೀನಿ ಅಂದ್ರ ನನ್ನ ಹೊಟ್ಟಿ ಉರೀಲಾರದ ಇದ್ದೀತೇನು?

ಇವರಿಗೆ ಹೇಳಿದೆ. ಇವರು ದಿನಾ ಬಸ್ತಿಯಾಗ ಪೂಜಾ ಮಾಡೋರು, ಮೆತ್ತಗಿನ ಮನಶ್ಯಾ. "ನಾ ಏನಂತ ಅಡ್ಡ ಬರ್ಲಿ ರಾಜಿ, ಧರ್ಮದ ಮಾತೈತಿ" ಅಂದ್ರು. ಅವತ್ತ ನಾ ಹಟ ತೊಟ್ಟೆ. ಹದಿನೈದ ದಿನದಾಗ ಮುದುಕಿ ಕೈಲೆ ಒಂದ ಬಟ್ಟಲಾ ಪೂರ್ತಿ ಖಾಲಿ ಮಾಡಿಸ್ತೀನಿ, ಮಾಡಿಸದಿದ್ರ ನನ್ನ ಹೆಸರ ರಾಜಮತಿ ಅಲ್ಲ ಅಂದೆ.

ಮಗಳು ಬ್ರಾಹ್ಮಿ ಅಥಣಿಯಾಗ ಹಾಸ್ಟೆಲ್ಲಿನ್ಯಾಗ ಇರ್ತಾಳ. ಓದೂದರಕಿಂತ ಕೇಕ ಮಾಡೂದು ಜಾಸ್ತಿ. ಅಕಿಗೆ ಫೋನ್ ಹಚ್ಚಿ ಎಲ್ಲಾ ಹೇಳಿದೆ. ಅತ್ಲು. ಆಮ್ಯಾಲ ಮೂಗ ಏರಿಸಿಕೊಂತ ಅಂದ್ಲು, "ಮಮ್ಮಿ, ವಾಸನಿ ಬರದವರಿಗೆ ಮಸಾಲಿ ಹಾಕಿ ಏನ ಉಪಯೋಗ. ಬಾಯಾಗ ಗೊತ್ತಾಗೂವಂಥಾದ್ದು ಬೇಕು. ಮೆತ್ತಗಿಂದರ ಮ್ಯಾಲ ಕುರುಕುರು ಇರಬೇಕು, ತಣ್ಣಗಿಂದರ ಮ್ಯಾಲ ಬಿಸಿ ಇರಬೇಕು. ನಾವು ಕೇಕಿನ ಮ್ಯಾಲ ಟಾಪಿಂಗ್ ಹಾಕ್ತೀವಲ್ಲ, ಹಂಗ ಅಜ್ಜಿ ಪಾಯಸದ ಮ್ಯಾಲ ಹಾಕು."

"ಇಲ್ಲಿ ಎಲ್ಲಿಂದ ತರ್ಲಿ ನಿನ್ನ ಟಾಪಿಂಗು? ಅಂಗಡಿದು ಅವರು ಮುಟ್ಟೂದಿಲ್ಲ."

"ಅಂಗಡಿದು ಯಾಕ ಬೇಕ ಮಮ್ಮಿ? ಅಡಗಿಮನಿ ಡಬ್ಬಿ ತಗದ ನೋಡು."

ತಗದ ನೋಡಿದೆ. ಬೆಲ್ಲ ಇತ್ತು, ಶೇಂಗಾ, ಹುರಗಡ್ಲಿ ಪುಠಾಣಿ, ಒಣಕೊಬ್ಬರಿ, ಒಣಶುಂಠಿ, ತುಪ್ಪ ಇದ್ದವು. ಅಲಖನೂರಿನ ನಮ್ಮ ನಾದಿನಿ ಕಳಿಸಿದ ಕಾಕವಿ ಒಂದ ಬಾಟಲಿ ಇತ್ತು, ಗಾಣದ ಮನಿ ಕಡಾಯಿಂದ ಬೆಲ್ಲಾಗೂ ಮೊದಲ ತಗದ ದಪ್ಪ ಪಾಕ. ನಾಗರಪಂಚಮಿಗೆ ಅಳ್ಳ, ಅಂದ್ರ ಜೋಳದ ಅರಳು, ಹುರದು ಉಳದ ಜೋಳನೂ ಇದ್ದವು.

ಮೊದಲನೇ ದಿನ ಒಣಕೊಬ್ಬರಿ ತೆಳ್ಳಗ ಹೆರದು ತುಪ್ಪದಾಗ ಕೆಂಪಗ ಹುರದು ಅಕ್ಕಿ ಪಾಯಸದ ಮ್ಯಾಲ ಉದುರಿಸಿದೆ. ಎರಡ ಚಮಚ ತಿಂದು ಬಟ್ಟಲಾ ಸರಿಸಿದ್ರು. ಕೈ ತೊಳಕೊಂಡ ಮ್ಯಾಲ, "ಕಟ್ಟಿಗಿ ಸಿಬರ ಅಗದಂಗ ಆತು" ಅಂದ್ರು. ಮರುದಿನ ಪುಠಾಣಿ, ಬೆಲ್ಲ ಕೂಡಿಸಿ ಕುಟ್ಟಿ ಹಾಕಿದೆ. ಪುಡಿ ಗಂಟಲಿಗೆ ಹತ್ತಿ ಕೆಮ್ಮಿ ಕೆಮ್ಮಿ ಕಣ್ಣಾಗ ನೀರ ಬಂತು, ನಾ ಹೆದರಿ ಸತ್ತೆ. ಮೂರನೇ ದಿನ ಕಾಕವಿ ಕುದಿಸಿ ಒಣಶುಂಠಿ ಪುಡಿ ಹಾಕಿ ಮ್ಯಾಲ ಸುರಿವಿದೆ. ಅವತ್ತ ಅರ್ಧಾ ಬಟ್ಟಲಾ ಹೋತು. "ಎದಿಗೆ ಬೆಚ್ಚಗ ಐತಿ, ಬಾಯಿಗೆ ಏನಿಲ್ಲ" ಅಂದ್ರು. ನನಗ ಅಷ್ಟಕ್ಕ ಹಬ್ಬ. ಆದರ ಮತ್ತೊಂದಿನ ಅದನ್ನ ಮಾಡಿದ್ರ ಮುಟ್ಟಲೇ ಇಲ್ಲ. ಹಿಂಗ ಹದಿನಾಕ ದಿನ ಹೋದವು. ಶೇಂಗಾ ಆತು, ಗೋಧಿ ಹುರದು ಹಾಕಿದ್ದಾತು, ಉಪ್ಪ ಹಾಕಲಾರದ ಅಕ್ಕಿ ಹಪ್ಪಳದ ಪುಡಿ ಆತು. ಬರಬರತಾ ಅವರ ಮುಂಗೈಯಾಗಿನ ಬಳಿ ಮೊಣಕೈತನಕಾ ಜಾರಾಕ ಹತ್ತಿದ್ವು.

ಹದಿನೈದನೇ ದಿನ ಬುಧವಾರ. ಹಿಂದಿನ ದಿನ ಚಂಜಿಮುಂದ ಅತ್ತಿ ಮಗನ್ನ ಕರದು, "ಪಾರಿಸಾ, ನಾಳೆ ಎರಡಕ್ಕ ಗಾಡಿ ತಗೀ. ಮಹಾರಾಜರು ಕೊಟ್ಟ ದಿನ ಮುಗದಾವು. ಅನ್ನ ನನ್ನ ಬಿಟ್ಟೈತಿ" ಅಂದ್ರು. ನೇಮ ತಗೊಳ್ಳೂ ಮುಂದ ಉಡಾಕಂತ ಬಿಳಿ ಸೀರಿ ತಗದು ದಿಂಬಿನ ಬಾಜೂಕ ಇಟ್ಟುಕೊಂಡ್ರು. ಇವರು ಹೂಂ ಅಂದು ಹೊರಗ ಹೋದ್ರು. ನಾ ಅಡಗಿಮನ್ಯಾಗ ನಿಂತ ಹಲ್ಲ ಕಡದೆ. ಉಳದದ್ದ ಒಂದ ಊಟಾ.

ಬುಧವಾರ ಐದಕ್ಕ ಎದ್ದು ಜಳಕಾ ಮಾಡಿ ಮಡಿ ಉಟ್ಟೆ. ನೀರ ಸೋಸಿ ಕಾಸಿದೆ. ಹಾಲಿಗೆ ಅಕ್ಕಿನುಚ್ಚ ಹಾಕಿ ಸಣ್ಣ ಉರಿಯಾಗ ಪಾಯಸ ಇಟ್ಟೆ, ಸಪ್ಪಂದು, ಸಿಹಿಯೆಲ್ಲಾ ಮ್ಯಾಲಿಂದ ಬರಲಿ ಅಂತ. ಆಮ್ಯಾಲ ಕಬ್ಬಿಣ ಕಡಾಯಿ ಕಾಸಿ ಜೋಳ ಹಾಕಿ ಬಟ್ಟೀಲೆ ಒತ್ತಿದೆ. ಪಟಪಟ ಅಂತ ಅಳ್ಳ ಎದ್ದವು, ಮಲ್ಲಿಗಿ ಮೊಗ್ಗಿಯಂಗ ಬೆಳ್ಳಗ. ಅಳ್ಳ ಬಾಯಾಗ ಮೊದಲ ಕುರುಂ ಅಂತಾವು, ಆಮ್ಯಾಲ ಹಲ್ಲಿಲ್ಲದವರಿಗೂ ಕರಗ್ತಾವು. ಇದು ನನಗ ಹದಿನಾಕ ದಿನ ಹೊಳೀಲಾರದ್ದು ಹದಿನೈದನೇ ದಿನ ಹೊಳೀತು. ಅವಕ್ಕ ಬೆಲ್ಲದ ಪಾಕ ಹಿಡಸಿ, ಕಡಕ್ ಆಗೂತನಕಾ ಆರಿಸಿ, ಮುರದು ಪಾಯಸದ ಮ್ಯಾಲ ಹಾಕೂದು. ಒಣಶುಂಠಿ ಸ್ವಲ್ಪ.

ಪಾಕ ಇಟ್ಟೆ. ಇಟ್ಟಾಕಿ ನಿಂದ್ರಬೇಕಿತ್ತು. ಹೊರಗ ಇವರು ಫೋನಿನ್ಯಾಗ ಯಾರಿಗೋ, "ಹೌದ್ರಿ, ಇವತ್ತ ಎರಡಕ್ಕ ಬರ್ತೀವಿ, ಮಹಾರಾಜರಿಗೆ ತಿಳಿಸ್ರಿ" ಅನ್ನಾಕತ್ತಿದ್ರು. ಕೇಳಿ ನನ್ನ ತಲಿ ತಿರಗಿತು. ಹೊರಗ ಹೋಗಿ, "ಅಷ್ಟ ಅವಸರೇನೈತ್ರಿ ನಿಮಗ, ಅವ್ವನ್ನ ಕಳಸಾಕ?" ಅಂತ ಅಂದ ಬಂದೆ. ಅಂದ ಬರೂದರಾಗ ಪಾಕ ಕರಕಾಗಿತ್ತು. ಹೊಗಿ ಎದ್ದಿತ್ತು. ಕಡಾಯಿ ಸಹಿತ ಹೊರಗ ಇಟ್ಟು ಗಡಿಯಾರ ನೋಡಿದೆ, ಹತ್ತಕ್ಕ ಎಂಟ ನಿಮಿಷ ಕಡಿಮಿ.

ಉಳದ ಬೆಲ್ಲ ಎಲ್ಲಾ ಕೆರದು ಬ್ಯಾರೆ ಬೋಗಾಣಿಯಾಗ ಹಾಕಿದೆ. ಬೆಲ್ಲ ಕರಗಿ ನೊರಿ ಬಂತು, ನೊರಿ ಕೆಂಪಾತು. ವಾಟಿ ನೀರಿನ್ಯಾಗ ಒಂದ ಹನಿ ಬಿಟ್ಟೆ, ಮೆತ್ತಗಾತು. ಮತ್ತ ಬಿಟ್ಟೆ, ಎಳಿ ಬಂತು. ಮೂರನೇ ಸರ್ತಿ ಬಿಟ್ಟಾಗ ವಾಟಿಯಾಗ ಟಣ್ ಅಂತು. ಒಣಶುಂಠಿ ಹಾಕಿದೆ, ತುಪ್ಪ ಹಾಕಿದೆ, ಅಳ್ಳ ಸುರಿವಿ ಗರಗರ ತಿರಿವಿ ಪರಾತಕ್ಕ ಬಡದೆ. ಹತ್ತ ಇಪ್ಪತ್ತಾಗಿತ್ತು. ಬೀಸಣಗಿ ತಗೊಂಡ ಗಾಳಿ ಹಾಕಿದೆ. ಆರಿದ ಮ್ಯಾಲ ಲಟ್ಟಣಗೀಲೆ ಮುರದೆ. ರುಚಿ ನೋಡೂ ಹಂಗಿದ್ದಿಲ್ಲ. ಅವರಿಗಿಂತ ಮೊದಲ ನಾ ಬಾಯಿಗೆ ಹಚ್ಚಿದ್ರ ಎಂಜಲ.

ಅತ್ತಿ ಬಂದು ಮಣಿಮ್ಯಾಲ ಕುಂತ್ರು. ಕೈ ಮುಗದು ಕಣ್ಣ ಮುಚ್ಚಿ ಮಂತ್ರ ಹೇಳಿಕೊಂಡ್ರು. ಬ್ಯಾಳಿ ಅನ್ನ ಒಂದ ತುತ್ತ ಬಾಯಿಗೆ ಇಟ್ಟು ತಾಟಿನ ಅಂಚಿಗೆ ಸರಿಸಿದ್ರು. ಇವರು ಪಡಸಾಲಿ ಕಂಬಕ್ಕ ಆತು ನಿಂತಿದ್ರು, ಅಂಗಿ ಕಿಸೇದಾಗ ಗಾಡಿ ಕೀಲಿ. ನಾ ಪಾಯಸದ ಬಟ್ಟಲಾ ಮುಂದಿಟ್ಟು ಕಡೀ ಗಳಿಗ್ಯಾಗ ಮ್ಯಾಲ ಅಳ್ಳಿನ ಚೂರ ಉದುರಿಸಿದೆ, ಮೆತ್ತಗಾಗಬಾರದಂತ.

ಒಂದ ಚಮಚಾ ತಗೊಂಡ್ರು. ಕುರುಂ ಅಂದಿದ್ದ ನನಗೂ ಕೇಳಿಸ್ತು. ಬಾಯಿ ಆಡೂದ ನಿಂತು. ಹೋತು, ಇದನ್ನೂ ಉಗುಳ್ತಾರ ಅನಕೊಂಡೆ. ಉಗುಳಲಿಲ್ಲ. ಕಣ್ಣ ಮುಚ್ಚಿದ್ರು. ನಾಲಿಗಿ ಒಳಗ ತಿರಗೂದು ಗಲ್ಲದ ಹೊರಗ ಕಾಣತಿತ್ತು. ಎರಡನೇ ಚಮಚಾ. ಮೂರನೇದು. ಆಮ್ಯಾಲ ಚಮಚಾ ಬಿಟ್ಟು ಬೆರಳೀಲೆ ಅಳ್ಳ ಆರಿಸಿ ಆರಿಸಿ ಬಾಯಿಗೆ ಹಾಕ್ಕೊಳ್ಳಾಕ ಹತ್ತಿದ್ರು. ಇವರು ಕಂಬಾ ಬಿಟ್ಟು ಎರಡ ಹೆಜ್ಜಿ ಮುಂದ ಬಂದ್ರು.

ಬಟ್ಟಲಾ ಖಾಲಿ ಆತು. ಎರಡ ತಿಂಗಳಾದ ಮ್ಯಾಲ ಖಾಲಿ ಬಟ್ಟಲಾ ನೋಡಿದೆ. ಅಷ್ಟಕ್ಕ ಮುಗೀಲಿಲ್ಲ. ಉಣ್ಣೂ ಮುಂದ ಮಾತಾಡೂದಿಲ್ಲಲ್ಲ, ಅದಕ್ಕ ಬೆರಳ ಬಟ್ಟಲದ ಅಂಚಿಗೆ ಟಕಟಕ ಬಡದ್ರು. ಮತ್ತ ಹಾಕು ಅಂತ.

ನಾ ಅಡಗಿಮನಿಗೆ ಓಡಿದೆ. ಖುಷೀಲೆ ಕಣ್ಣ ಕಾಣಸಲಾರದಂಗ ಆಗಿತ್ತು. ಬ್ಯಾರೆ ಬಟ್ಟಲಕ್ಕ ಪಾಯಸ ಹಾಕಿದೆ, ಪರಾತದಾಗಿನ ಚೂರ ಬಳದ ಹಾಕಿದೆ. ಬೆರಳಿಗೆ ಹತ್ತಿದ್ದನ್ನ, ಈಗೇನ ಅವರ ಊಟಾ ಸುರು ಆಗೈತಿ ಅಂತ, ಬಾಯಿಗೆ ಇಟ್ಟೆ.

ಮೊದಲ ಬೆಲ್ಲದ ಸಿಹಿ, ಆಮ್ಯಾಲ ಶುಂಠಿ ಖಾರ. ಕಡೀಕ ಉಪ್ಪು.

ಕಟ್ಟಿಮ್ಯಾಲ ನೋಡಿದೆ, ಉಪ್ಪಿನ ಭರಣಿ ಮುಚ್ಚಳಾ ಬಾಜೂಕ ಬಿದ್ದಿತ್ತು. ನಮ್ಮ ತವರಮನ್ಯಾಗ ಬೆಲ್ಲದ ಪಾಕಕ್ಕ ಒಂದ ಚಿಟಿಕಿ ಉಪ್ಪ ಹಾಕೂದು ರೂಢಿ, ಸಿಹಿ ಎದ್ದ ನಿಂದ್ರತೈತಿ ಅಂತ. ಇಪ್ಪತ್ತೆಂಟ ವರ್ಷ ಈ ಮನ್ಯಾಗೂ ಹೋಳಿಗಿಗೆ, ಹುಗ್ಗಿಗೆ ಹಂಗ ಹಾಕೀನಿ. ಪಲ್ಯಾಕ್ಕ ಉಪ್ಪ ಬೀಳದಂಗ ಎರಡ ತಿಂಗಳ ಕಣ್ಣಾಗ ಎಣ್ಣಿ ಬಿಟ್ಟುಕೊಂಡ ಕಾದಾಕಿ ನಾ, ಸಿಹಿ ಮುಂದ ನನ್ನ ಕೈ ನನಗ ಹೇಳದ ಭರಣಿಗೆ ಹೋಗಿತ್ತು. ಅದ ಚಿಟಿಕಿ ಉಪ್ಪ ಅವರ ನಾಲಿಗಿ ಎಬ್ಬಿಸಿತ್ತು. ಇದ ತಿಳದ ಕೂಡಲೇ ಕಟ್ಟಿ ಹಿಡಕೊಂಡ ನಿಂತೆ.

ಪಡಸಾಲಿಯಾಗ ಬಟ್ಟಲಾ ಟಕಟಕ ಬಡದದ್ದ ಕೇಳಿಸ್ತು.

ಇವರು ಒಳಗ ಬಂದ್ರು. ಮಾರಿ ತುಂಬ ನಗಿ. "ಬೇಗ ತಗೊಂಡ ಹೋಗ ರಾಜಿ, ಕೇಳಾಕತ್ತಾಳ" ಅಂದ್ರು.

"ಉಪ್ಪ ಬಿದ್ದೈತ್ರಿ ಇದರಾಗ" ಅಂದೆ.

ಇವರ ನಗಿ ಅಲ್ಲೇ ಉಳೀತು, ಕಣ್ಣ ಮಾತ್ರ ಬದಲಾದವು. ಬಾಗಲಾ ಕಡೆ ನೋಡಿದ್ರು, ನನ್ನ ಕಡೆ ನೋಡಿದ್ರು. ದನೀ ಸಣ್ಣ ಮಾಡಿ, "ಆಕಿಗೆ ಗೊತ್ತಾಗೇತೇನು?" ಅಂದ್ರು.

"ಇಲ್ರಿ."

"ಹಂಗಾದ್ರ ಸುಮ್ನಿರು."

"ನೀವ ಹಿಂಗ ಅಂತೀರೇನ್ರಿ?"

"ಸುಮ್ನ ಒಯ್ದ ಹಾಕು. ಪಾಪ ನನಗ ಹತ್ತಲಿ." ಇವರು ನನ್ನ ಕೈ ಹಿಡಕೊಂಡ್ರು. ಲಗ್ನಾದಾಗಿಂದ ಈ ಮನಶ್ಯಾ ಒಂದ ಸುಳ್ಳ ಆಡಿದ್ದ ನಾ ಕೇಳಿಲ್ಲ. "ರಾಜೀ, ಕೈ ಮುಗೀತೀನಿ. ಇವತ್ತ ಹೊಟ್ಟಿ ತುಂಬ ಉಂಡ್ರ ಎರಡಕ್ಕ ಆಕಿ ಗಾಡಿ ಹತ್ತೂದಿಲ್ಲ. ಅಂತರಾಯ ಆತಂದ್ರ ಇದೂ ಒಂದ ಸೂಚನಾ ಅಂತ ತಿಳದು ಇವತ್ತ ಹೋಗ್ತಾಳ. ನನಗ ನನ್ನ ಅವ್ವ ಬೇಕು."

ಎರಡಕ್ಕ ಗಾಡಿ ತಗೀತೀನಿ ಅಂತ ಹೂಂ ಅಂದಾಂವ ಒಳಗ ಇಷ್ಟ ಅಳತಿದ್ದ ಅಂತ ನನಗ ಗೊತ್ತಿರಲಿಲ್ಲ. ನನಗೂ ಅವರು ಬೇಕಿತ್ತು. ಇಪ್ಪತ್ತೆಂಟ ವರ್ಷ ಅವರ ಜೋಡಿ ಜಗಳಾಡೀನಿ, ಹಾಲಿಗೆ ಜಗಳ, ಸೀರಿಗೆ ಜಗಳ, ಬ್ರಾಹ್ಮಿನ್ನ ಅಥಣಿಗೆ ಕಳಸಾಕ ಜಗಳ. ಅವರು ಹೋದ್ರ ನಾ ಯಾರ ಜೋಡಿ ಜಗಳಾಡ್ಲಿ? ಈ ಮೆತ್ತಗಿನ ಮನಶ್ಯಾನ ಜೋಡಿ ಜಗಳಾಡೂದಂದ್ರ ಗ್ವಾಡಿ ಜೋಡಿ ಆಡಿದಂಗ.

ಟಕಟಕ. ಮತ್ತ.

ಬಟ್ಟಲಾ ತಗೊಂಡ ಹೊರಗ ಹೋದೆ. ಸುಮ್ನ ಹಾಕಬೇಕಂತ ಹೋದೆ, ಖರೇ ಹೇಳ್ತೀನಿ. ಮುಂದ ಕುಂತು ಬಟ್ಟಲಾ ಇಟ್ಟೆ. ಅವರು ನನ್ನ ಕಡೆ ನೋಡಿ ಹುಬ್ಬ ಏರಿಸಿದ್ರು, ಯಾಕಿಷ್ಟ ತಡಾ ಅಂತ. ಚಮಚಾ ತುಂಬ ತಗೊಂಡು ಕಣ್ಣ ಮುಚ್ಚಿ ಬಾಯಿಗೆ ಇಟ್ಟುಕೊಂಡ್ರು. ಮಂದಿ ಮನ್ಯಾಗ ಒಂದ ವಾಟಿ ನೀರ ಕುಡೀಬೇಕಾದ್ರ, ಎಲ್ಲಿಂದು, ಯಾವಾಗ ಸೋಸಿದ್ದು, ಯಾರ ಕಾಸಿದ್ದು ಅಂತ ನಾಕ ಪ್ರಶ್ನಿ ಕೇಳೋ ಮುದುಕಿ. ನನ್ನ ಕೈಯಾಗಿನ ಬಟ್ಟಲಕ್ಕ ಒಂದೂ ಕೇಳಿರಲಿಲ್ಲ. ಎಂದೂ ಕೇಳಿಲ್ಲ. ಎಷ್ಟರೆ ಜಗಳಾಗಿರಲಿ, ನಾ ಹಾಕಿದ ತಾಟಿಗೆ ಇದರಾಗೇನೈತಿ ಅಂತ ಕೇಳಿದ್ದ ನನಗ ನೆನಪಿಲ್ಲ.

ಇವರು ಬಾಗಲದಾಗ ನಿಂತು ಬ್ಯಾಡ ಬ್ಯಾಡ ಅಂತ ತಲಿ ಅಲ್ಲಾಡ್ಸಾಕತ್ತಿದ್ರು.

"ತಡೀರಿ ಅತ್ತಿ" ಅಂದೆ.

ಅಗಿಯೂದ ನಿಂತು. ಕಣ್ಣ ತಗದ್ರು.

"ಅದರಾಗ ಉಪ್ಪ ಐತಿ. ಪಾಕದಾಗ ನಾನ ಹಾಕೀನಿ, ಬೇಕಂತ ಅಲ್ಲ, ರೂಢೀಲೆ ಕೈ ಹೋತು. ಮೊದಲನೇ ಬಟ್ಟಲದಾಗೂ ಇತ್ತು. ಈಗ ಗೊತ್ತಾತು ನನಗ."

ಅವರು ನನ್ನ ಮಾರಿ ನೋಡಿಕೋತ ಕುಂತ್ರು. ಬಾಯಾಗಿನ ತುತ್ತ ನುಂಗಲಿಲ್ಲ, ಉಗುಳಲಿಲ್ಲ. ಅಷ್ಟೊತ್ತು ಒಂದ ಗಲ್ಲದಾಗ ಹಂಗ ಇಟ್ಟುಕೊಂಡಿದ್ರು. ಆಮ್ಯಾಲ ಎಡಗೈಯಾಗ ತಗದು ತಾಟಿನ್ಯಾಗ ಹಾಕಿದ್ರು. ನೀರ ತಗೊಂಡ ಬಾಯಿ ಮುಕ್ಕಳಿಸಿದ್ರು, ಒಮ್ಮೆ, ಎರಡ ಸರ್ತಿ, ಮೂರ ಸರ್ತಿ. ಕೈ ತೊಳಕೊಂಡ್ರು. ಒಂಬತ್ತ ಸರ್ತಿ ಣಮೋಕಾರ ಹೇಳಿ ಎದ್ರು. ಏಳೂ ಮುಂದ ಜೋಲಿ ಹೋತು. ಹಿಡಿಯಾಕ ಹೋದೆ, ಕೈ ಜಾಡಿಸಿದ್ರು. ತಾವ ಗ್ವಾಡಿ ಹಿಡಕೊಂಡು ತಮ್ಮ ಖೋಲಿಗೆ ಹೋಗಿ ಮಂಚದ ಮ್ಯಾಲ ಕುಂತ್ರು.

ಇವರು ನನ್ನ ಕಡೆ ನೋಡಲಿಲ್ಲ. ಕಂಬಕ್ಕ ಬೆನ್ನ ಹಚ್ಚಿ ಕೆಳಗ ಕುಂತ್ರು. ನಾ ತಾಟ ಎತ್ತಿದೆ, ನೆಲಾ ಒರಿಸಿದೆ. ಪರಾತದಾಗ ಉಳದ ಅಳ್ಳ ಹಂಗ ಬಿದ್ದಿದ್ವು. ನಾ ಏನ ಮಾಡಿಬಿಟ್ಟೆ, ಒಂದ ಹೊತ್ತ ಈ ಬಾಯಿ ಮುಚ್ಚಿಕೊಂಡಿದ್ರ ಆಗತಿತ್ತಲ್ಲ ಅಂತ ನನ್ನ ಮ್ಯಾಲ ನನಗ ಸಿಟ್ಟ ಬಂದು ಅಲ್ಲೇ ಕುಂತ ಅತ್ತೆ. ಸಿಟ್ಟ ನನ್ನ ಮ್ಯಾಲ ಅಷ್ಟ ಅಲ್ಲ, ಉಪ್ಪಿನ ಮ್ಯಾಲ, ಚಾತುರ್ಮಾಸದ ಮ್ಯಾಲ, ಜ್ವರದ ಮ್ಯಾಲ, ಎಲ್ಲಾದರ ಮ್ಯಾಲನೂ ಇತ್ತು.

ಎರಡಾತು. ಗ್ವಾಡಿ ಗಡಿಯಾರ ಎರಡ ಸರ್ತಿ ಹೊಡೀತು. ಇವರು ಎದ್ದು, ಕಿಸೇದಾಗಿನ ಕೀಲಿ ಕೈಯಾಗ ಹಿಡಕೊಂಡು ಖೋಲಿ ಬಾಗಲಕ್ಕ ಹೋಗಿ ನಿಂತ್ರು. ನಾನೂ ಹಿಂದ ಹೋದೆ. ಅತ್ತಿ ಹಂಗ ಕುಂತಿದ್ರು, ಬಾಜೂಕ ಬಿಳಿ ಸೀರಿ, ಘಡೀ ಬಿಚ್ಚಿರಲಿಲ್ಲ.

"ಅವ್ವಾ" ಅಂದ್ರು ಇವರು. "ಗಾಡಿ ತಗೀಲೇನು?"

ಅವರು ಮಗನ್ನ ನೋಡಲಿಲ್ಲ. ನನ್ನ ನೋಡಿದ್ರು. ಆ ನೋಟ ನನಗ ಗೊತ್ತೈತಿ, ಹಾಲ ಉಕ್ಕಿಸಿದಾಗ ನೋಡ್ತಿದ್ದ ನೋಟ. ಜ್ವರ ಬಂದಾಗಿಂದ ಆ ಕಣ್ಣ ನಾ ನೋಡಿರಲಿಲ್ಲ.

"ಏ ರಾಜೀ, ಎರಡ ತಿಂಗಳಾದ ಮ್ಯಾಲ ಬಾಯಿಗೆ ರುಚಿ ಹತ್ತಿತ್ತ ಬೇ. ಹುಟ್ಟಿದಾಗಿಂದ ಸುಮ್ನ ಇರಲಾರದಾಕಿ ನೀ, ಗೊತ್ತೈತಿ. ಆ ಬಟ್ಟಲಾ ಮುಗಿಯೋತನಕಾ ತಡದ ಹೇಳಿದ್ರ ನಿನ್ನ ಗಂಟೇನ ಹೋಗತಿತ್ತು?"

ಇವರು ಬಾಗಲಾ ಚೌಕಟ್ಟ ಹಿಡಕೊಂಡ್ರು.

"ಗಾಡಿ ಅಂತಾನ ಇಂವಾ ಒಬ್ಬಾಂವ" ಅಂದ್ರು ಅತ್ತಿ. "ಹಸಿವಿಲೆ ಕಣ್ಣಿಗೆ ಕತ್ತಲಿ ಬರಾಕತ್ತೈತಿ. ಹಸದ ಹೊಟ್ಟಿ ತಗೊಂಡು ಮಹಾರಾಜರ ಮುಂದ ಕುಂತು, ಅನ್ನ ನನ್ನ ಬಿಟ್ಟೈತಿ ಅಂತ ಸುಳ್ಳ ಹೇಳ್ಲೇನು? ಆ ಸೀರಿ ತಗದ ಟ್ರಂಕಿನ್ಯಾಗ ಇಡು."

ಸೀರಿ ತಗೊಂಡೆ. ಎದಿಗೆ ಅವಚಿಕೊಂಡ ನಿಂತೆ. ಅವರು ಗ್ವಾಡಿ ಕ್ಯಾಲೆಂಡರ್ ಕಡೆ ನೋಡಿದ್ರು. ಅವರಿಗೆ ದೂರಿಂದ ಕಾಣಸೂದಿಲ್ಲ.

"ಪಾರಿಸಾ, ದೀಪಾವಳಿ ಇನ್ನ ಎಷ್ಟ ದಿನ ಐತಿ ನೋಡು."

ಇವರು ಹಾಳಿ ತಿರುವಿ ಬೆರಳಿಟ್ಟು ಎಣಿಸಿದ್ರು. ನಡಕ ತಪ್ಪಿತು, ಮತ್ತ ಮೊದಲಿಂದ ಎಣಿಸಿದ್ರು. "ನಲವತ್ತೊಂದ ದಿನ ಐತಿ ಅವ್ವಾ."

"ನಲವತ್ತೊಂದು" ಅಂತ ಅವರು ತಮ್ಮಷ್ಟಕ್ಕ ತಾವ ಅಂದ್ರು. ಆಮ್ಯಾಲ ನನ್ನ ಕಡೆ ತಿರಗಿ, "ನಾಳಿಂದ ಉಪ್ಪಿಲ್ಲದ ಮಾಡು, ಹೆಂಗ ಹೋಗ್ತೈತಿ ನೋಡೂಣು. ದೀಪಾವಳಿ ಮರುದಿನ ಮಾತ್ರ ಇವತ್ತ ಮಾಡಿದಂಗ ಮಾಡು. ಆ ಅಳ್ಳಿನ ಜೋಳ ಉಳೀತಾವೇನ ಅಷ್ಟ ದಿನಾ?" ಅಂತ ಕೇಳಿದ್ರು.

ಡಬ್ಬಿಯಾಗ ಎರಡ ಮುಷ್ಟಿ ಸೈತ ಇದ್ದಿದ್ದಿಲ್ಲ.

"ಉಳೀತಾವ್ರಿ ಅತ್ತಿ, ಬೇಕಾದಷ್ಟ ಅದಾವ" ಅಂತ ಸುಳ್ಳ ಹೇಳಿದೆ.